ಶಾಲಾ ಮಕ್ಕಳಲ್ಲಿ ಆಶಾವಾದ: ಪೋಷಕರಿಗೆ ಹಾಗೂ ಶಿಕ್ಷಕರಿಗೆ ಮಾಹಿತಿ

ಎಲ್ಲವೂ ಒಳ್ಳೆಯದೇ ಆಗುವುದೆಂದು ಮಗುವಿಗೆ ಭರವಸೆ ನೀಡುವುದನ್ನೇ ಆಶಾವಾದದ ಶಿಕ್ಷಣವೆಂದು ಭಾವಿಸುವುದು ಸರಿಯಲ್ಲ. ಸೋಲಿಗೆ ಮಗುವು ತನಗೆ ತಾನೇ ಹೇಳಿಕೊಳ್ಳುವ ಕಾರಣವು ನಿಜವೇ ಎಂದು ಪರಿಶೀಲಿಸಲು ಕಲಿಸುವುದೇ ಅದರ ತಿರುಳು.

ಅಮೆರಿಕದ ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ ಹಾಗೂ ಸಂಗಡಿಗರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಪ್ಪಿಸಿಕೊಳ್ಳಲಾಗದ ನೋವಿಗೆ ಗುರಿಯಾದ ನಾಯಿಗಳ ಪೈಕಿ ಹೆಚ್ಚಿನವು ಮುಂದೆ ದಾರಿ ತೆರೆದಿದ್ದರೂ ಪ್ರಯತ್ನಿಸದೆ ಉಳಿದವು. ಇದನ್ನು 'ಕಲಿತ ಅಸಹಾಯಕತೆ' ಎನ್ನಲಾಗಿದೆ. ಅಸಹಾಯಕತೆಯನ್ನು ಕಲಿಯಬಹುದಾದರೆ ಆಶಾವಾದವನ್ನೂ ಕಲಿಯಬಹುದೆಂಬ ವಿಚಾರದಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಶಾಲಾ ಮಕ್ಕಳಿಗಾಗಿ ತರಬೇತಿ ಕಾರ್ಯಕ್ರಮವೊಂದು ರೂಪುಗೊಂಡಿತು.

ಉದಾಹರಣೆಗೆ, ಗಣಿತದಲ್ಲಿ ಅನುತ್ತೀರ್ಣಳಾದ ವಿದ್ಯಾರ್ಥಿನಿಯು "ನಾನು ದಡ್ಡಿ, ನನಗೆ ಯಾವುದೂ ಬರುವುದಿಲ್ಲ" ಎಂದುಕೊಂಡರೆ, ಆ ಕಾರಣವು ಶಾಶ್ವತವೂ ಎಲ್ಲ ವಿಷಯಗಳಿಗೂ ಅನ್ವಯಿಸುವಂಥದೂ ಆಗುತ್ತದೆ. ಮುಂದೆ ಓದುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ಉತ್ತರ ಪತ್ರಿಕೆಯನ್ನು ಎದುರಿಗಿಟ್ಟು ನೋಡಿದಾಗ ಅಂಕಗಳು ಹೋಗಿರುವುದು ಬಹುಪಾಲು ರೇಖಾಗಣಿತದಲ್ಲಿ ಎಂದು ತಿಳಿದುಬಂದರೆ, ಅದು ಸರಿಪಡಿಸಬಹುದಾದ ಕೊರತೆ. ಓದದೇ ಇದ್ದುದು ನಿಜವಾದಲ್ಲಿ ಅದನ್ನೂ ಹೇಳಬೇಕು. ಸುಳ್ಳು ಹೊಗಳಿಕೆಯನ್ನು ಮಕ್ಕಳು ಬೇಗನೆ ಗುರುತಿಸುತ್ತಾರೆ. ಮಗುವು ಈ ಬಗೆಯ ಕಾರಣಗಳನ್ನು ಹಿರಿಯರ ಮಾತಿನಿಂದಲೂ ಕಲಿಯುವುದರಿಂದ, "ನಿನ್ನ ಹಣೆಬರಹವೇ ಇಷ್ಟು" ಎಂಬಂತಹ ನುಡಿಗಳನ್ನು ಮನೆಯಲ್ಲಿಯೂ ತರಗತಿಯಲ್ಲಿಯೂ ವರ್ಜಿಸತಕ್ಕದ್ದು. ಶಿಕ್ಷಣ ಹಕ್ಕು ಕಾಯಿದೆ, 2009ರ 17ನೇ ಕಲಮು ದೈಹಿಕ ಶಿಕ್ಷೆಯೊಂದಿಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಇಂತಹ ತರಬೇತಿಯಿಂದ ಅತಿಯಾದ ನಿರೀಕ್ಷೆ ಸಲ್ಲದು. ಪೆನ್ಸಿಲ್ವೇನಿಯಾದ ಕಾರ್ಯಕ್ರಮವನ್ನು ಕುರಿತ 17 ಅಧ್ಯಯನಗಳನ್ನು 2009ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿರುವುದು ಕಂಡುಬಂದರೂ ಆ ಪ್ರಮಾಣ ಅಲ್ಪವಾಗಿತ್ತು. ದೆಹಲಿ ಸರ್ಕಾರವು 2018ರಲ್ಲಿ ತನ್ನ ಶಾಲೆಗಳಲ್ಲಿ ನರ್ಸರಿಯಿಂದ 8ನೇ ತರಗತಿಯವರೆಗೆ 'ಹ್ಯಾಪಿನೆಸ್' ಪಠ್ಯಕ್ರಮವನ್ನು ಆರಂಭಿಸಿದಾಗ ಅದಕ್ಕೆ ಪರೀಕ್ಷೆಯನ್ನು ಇಡಲಿಲ್ಲ. ಸಂತೋಷಕ್ಕೂ ಅಂಕ ನೀಡುವ ಪ್ರಮೇಯ ಬರಲಿಲ್ಲ.

ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನಗಳಲ್ಲಿ ಪೋಷಕರು ವಿಶೇಷ ಎಚ್ಚರ ವಹಿಸುವುದು ಅಗತ್ಯ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ನಿಗದಿಪಡಿಸುವ ದಿನಾಂಕದೊಳಗೆ ಉತ್ತರ ಪತ್ರಿಕೆಯ ಪ್ರತಿಗೂ ಮರುಮೌಲ್ಯಮಾಪನಕ್ಕೂ ಅರ್ಜಿ ಸಲ್ಲಿಸಬಹುದು. ಮಗುವು ಊಟ, ನಿದ್ರೆ, ಗೆಳೆಯರ ಸಹವಾಸವನ್ನು ತೊರೆದಿದ್ದಲ್ಲಿ ಅಥವಾ ಬದುಕುವುದೇ ಬೇಡವೆಂಬ ಮಾತನಾಡಿದಲ್ಲಿ, ಬುದ್ಧಿವಾದ ಹೇಳುತ್ತ ಕಾಲ ಕಳೆಯದೆ, ಮಗುವನ್ನು ಒಂಟಿಯಾಗಿ ಬಿಡದೆ, ಕೂಡಲೇ ವೈದ್ಯರನ್ನು ಕಾಣುವುದು ಅಥವಾ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಗೆ ಕರೆ ಮಾಡುವುದು. ಈ ಸೇವೆಯು ಉಚಿತವಾಗಿದ್ದು, ದಿನದ 24 ಗಂಟೆಯೂ ಕನ್ನಡದಲ್ಲಿಯೂ ಲಭ್ಯವಿರುತ್ತದೆ.