ಸೂಲಗಿತ್ತಿಯ ತರುವಾಯ
ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಒಳಪಟ್ಟಿದ್ದುವು. ಇಲ್ಲಿಯ ಹಳ್ಳಿಗಳಲ್ಲಿ ಬಾಣಂತಿಯ ಯೋಗಕ್ಷೇಮವು ತಲೆಮಾರುಗಳಿಂದ ಸೂಲಗಿತ್ತಿಯದಾಗಿದ್ದಿತು. 1952ರ ಸಮುದಾಯಾಭಿವೃದ್ಧಿ ಯೋಜನೆಯೊಡನೆ ದೇಶದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆದೋರಲು, ಆ ಭಾರವು ಕ್ರಮೇಣ ಶಿಕ್ಷಿತಳಾದ ಸಹಾಯಕ ದಾದಿಯ ಮೇಲೆ ಬಿದ್ದಿತು. ಹಳ್ಳಿಗರ ಬಾಯಲ್ಲಿ ಆಕೆ ‘ನರ್ಸಮ್ಮ’. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿಯು ಆಕೆಯನ್ನು ಬಹೂದ್ದೇಶ ಕಾರ್ಯಕರ್ತೆಯನ್ನಾಗಿ ಮಾಡಬೇಕೆಂದುದು ಬರಿಯ ಹೆಸರಿನ ಮಾರ್ಪಾಟಲ್ಲ. ಮುಖ್ಯವಾಗಿ ಹೆರಿಗೆ, ಶಿಶುಪಾಲನೆಗಳಲ್ಲಿ ಪಳಗಿದ ಕೈಗೆ ಚುಚ್ಚುಮದ್ದು, ಜ್ವರಪೀಡಿತರ ರಕ್ತಲೇಪನ, ಜನನಮರಣಗಳ ದಾಖಲೆ ಇವೆಲ್ಲವೂ ಸೇರಿದುವು. ಆದಕಾರಣ ಕೆಲಸದಲ್ಲಿದ್ದವರಿಗೂ ಮರುಶಿಕ್ಷಣವು ಅನಿವಾರ್ಯವಾಯಿತು. ಆದರೆ 1977ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ಹೊಸಬರ ಶಿಕ್ಷಣಾವಧಿಯನ್ನು ಎರಡು ವರ್ಷಗಳಿಂದ 18 ತಿಂಗಳಿಗೆ ಇಳಿಸಿತು. ಹೊರೆ ಹೆಚ್ಚಿದ ಕಾಲದಲ್ಲಿಯೇ ಕಲಿಕೆ ಕುಗ್ಗಿತೆಂಬುದನ್ನು ಆಡಳಿತದ ಚರಿತ್ರೆಯು ಸಾಕಷ್ಟು ಗಮನಿಸಿದಂತಿಲ್ಲ.