ಡಿಕ್ಕಿಯೊಳಗಿನ ಪೆಟ್ಟಿಗೆಗೆ ಒಂದು ಪೂರ್ವಕಥೆ

ಕಂಪನಿಯವರೇ ಕೂರಿಸಿಕೊಟ್ಟ ಸಬ್‌ವೂಫರ್ ಪೆಟ್ಟಿಗೆಯನ್ನು ಕಿತ್ತು, ಮನೆಯಂಗಳದಲ್ಲಿ ಹಲಗೆ ಕೊಯ್ದು ಹೊಸದೊಂದನ್ನು ಕಟ್ಟಿ ಕಾರಿನ ಡಿಕ್ಕಿಗಿಳಿಸುವವರನ್ನು ಕಂಡರೆ ನಮ್ಮಲ್ಲಿ ಹಲವರಿಗೆ ನಗು. ದುಡ್ಡು ಹೆಚ್ಚಾದವರ ಶೋಕಿ ಎಂಬ ತೀರ್ಪೂ ಸಿದ್ಧವಾಗಿರುತ್ತದೆ. ಪುತ್ತೂರು, ಸುಳ್ಯ, ಕಡಬದ ಸೀಮೆಯ ಮಟ್ಟಿಗಾದರೂ ಈ ತೀರ್ಪು ಅವಸರದ್ದು. ಇಲ್ಲಿನ ಜನ ಬಹಳ ಹಿಂದಿನಿಂದಲೂ ತಗ್ಗು ನಾದವನ್ನು ಮರದ ಹೊಟ್ಟೆಯೊಳಗೆ ಹುಡುಕಿದವರು. ನಡುವೆ ಒಂದೆರಡು ತಲೆಮಾರು ಆ ನಾದ ಕಿವಿಯಿಂದ ತಪ್ಪಿಹೋಗಿತ್ತು. ಡಿಕ್ಕಿಯ ಪೆಟ್ಟಿಗೆ ಅದನ್ನು ಮರಳಿ ತರುವ ಪ್ರಯತ್ನ ಎಂದೇ ನಾನು ಓದುತ್ತೇನೆ.

ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳವನ್ನೇ ನೋಡಿ. ಚೆಂಡೆ, ಮದ್ದಳೆ ಎರಡರ ಒಡಲೂ ಹೆಚ್ಚಾಗಿ ಹಲಸಿನ ಮರದ್ದು. ಕೆಲಸ ಮಾತ್ರ ಬೇರೆ. ಆಟವಿದೆಯೆಂದು ಸಾರಲು ಸಂಜೆ ಕೇಳಿ ಹೊಡೆದರೆ ಗದ್ದೆ ದಾಟಿ ಆಚೆ ಗುಡ್ಡದ ಮನೆಗೂ ಸುದ್ದಿ ಮುಟ್ಟಬೇಕು; ಚೆಂಡೆಯ ಚೂಪು ಸದ್ದು ಇರುವುದೇ ಅದಕ್ಕೆ. ಮದ್ದಳೆ ಹತ್ತಿರದ ಕಿವಿಗೆ ಸೇರಿದ್ದು. ಬಲದ ಮುಚ್ಚಿಗೆಯ ನಡುವಿನ ಕಪ್ಪು ಲೇಪ ಅದನ್ನು ಭಾಗವತರ ಶ್ರುತಿಗೆ ಕಟ್ಟಿಹಾಕುತ್ತದೆ, ಎಡದ ಮುಚ್ಚಿಗೆ ತಗ್ಗಿನ ಗುಂಕಾರ ಕೊಡುತ್ತದೆ. ಚರ್ಮ ಎಷ್ಟೇ ಚೆನ್ನಾಗಿರಲಿ, ಮರದ ಒಡಲು ಬಿರುಕುಬಿಟ್ಟರೆ ಮದ್ದಳೆ ಸತ್ತಂತೆಯೇ. ಬಾರಿಸುವವರಿಗೂ ಮಾಡುವವರಿಗೂ ಇದು ಪುಸ್ತಕ ನೋಡದೆ ತಿಳಿದಿದ್ದ ವಿಷಯ.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಮದ್ದಳೆಯ ಮರ ತಾನೂ ಮಿಡಿದು ನಾದಕ್ಕೆ ಬಣ್ಣ ಕೊಡುತ್ತದೆ. ಸ್ಪೀಕರ್ ಪೆಟ್ಟಿಗೆಯ ಮರ ಮಿಡಿದರೆ ಅದು ದೋಷ. ಎರಡನ್ನೂ ಒಂದೇ ದಾರಕ್ಕೆ ಪೋಣಿಸುವುದು ಹೇಗೆ? ವ್ಯತ್ಯಾಸ ನಿಜ. ಆದರೆ ಒಳಗಿನ ಗಾಳಿಯನ್ನು ಹದಕ್ಕೆ ತರುವ ಸಮಸ್ಯೆ ಎರಡರಲ್ಲೂ ಉಂಟು. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಇಂದಿನ ಮಾದರಿಯ ಸ್ಪೀಕರನ್ನು ಜಗತ್ತಿನ ಮುಂದಿಟ್ಟಾಗಲೇ ಒಂದು ತೊಡಕು ಎದುರಾಯಿತು. ಕಾಗದದ ಶಂಕು ಮುಂದಕ್ಕೆ ನೂಕಿದಷ್ಟೇ ಗಾಳಿಯನ್ನು ಹಿಂದಿನಿಂದ ಎಳೆಯುತ್ತದೆ. ತಡೆಯಿಲ್ಲದಿದ್ದರೆ ಹಿಂದಿನದು ಮುಂದಿನದನ್ನು ನುಂಗಿ ತಗ್ಗು ಸದ್ದು ಅಲ್ಲೇ ಕರಗುತ್ತದೆ. ಹಾಗಾಗಿ ಪೆಟ್ಟಿಗೆ ಬೇಕಾಯಿತು. ಪೆಟ್ಟಿಗೆಗೊಂದು ಕಿಂಡಿ ಕೊರೆದು ಹಿಂದಿನ ಸದ್ದನ್ನೂ ದುಡಿಸಿಕೊಳ್ಳುವ ಉಪಾಯಕ್ಕೆ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದರು. 1954ರಲ್ಲಿ ಎಡ್ಗರ್ ವಿಲ್ಚರ್ ಪೂರ್ತಿ ಮುಚ್ಚಿದ ಚಿಕ್ಕ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಈ ಲೆಕ್ಕವನ್ನೆಲ್ಲ ಸೂತ್ರಕ್ಕಿಳಿಸಿದ ಮೇಲೆ ಯಾವ ಸ್ಪೀಕರಿಗೆ ಎಷ್ಟು ಲೀಟರ್ ಗಾಳಿ ಎಂಬುದು ಊಹೆಯಾಗಿ ಉಳಿಯಲಿಲ್ಲ.

ಈ ಜ್ಞಾನ ನಮ್ಮ ಊರಿಗೆ ನೇರವಾಗಿ ಬರಲಿಲ್ಲ. ಮೊದಲು ಬಂದದ್ದು ಮೈಕ್ ಸೆಟ್ಟಿನ ತಗಡಿನ ಹಾರ್ನ್. ಮದುವೆ, ಜಾತ್ರೆ, ನೇಮ, ಆಟ, ಎಲ್ಲಕ್ಕೂ ತೆಂಗಿನ ಮರಕ್ಕೆ ಕಟ್ಟಿದ ಅದೇ ಹಾರ್ನ್. ಅದರ ಬಾಯಿಯ ಅಳತೆಗೆ ಸುಮಾರು 300 ಹರ್ಟ್ಸ್‌ಗಿಂತ ಕೆಳಗೆ ಅದು ಹೆಚ್ಚುಕಡಿಮೆ ಮೂಕ. ಭಾಗವತರ ಪದ ದೂರಕ್ಕೆ ಕೇಳಿತು, ಸರಿ. ಮದ್ದಳೆಯ ಎಡ ಮಾತ್ರ ಮಾಯವಾಯಿತು. ದೂರದಲ್ಲಿ ಕೂತು ಕೇಳಿದವರಿಗೆ ಸಂಗೀತವೆಂದರೆ ಮೂಗಿನಿಂದ ಹಾಡಿದಂಥ ಸದ್ದು. ಆಮೇಲೆ ಕ್ಯಾಸೆಟ್ ಕಾಲ. ಅಂಬಾಸಿಡರ್, ಫಿಯೆಟ್ ಕಾರುಗಳ ಹಿಂದಿನ ಗಾಜಿನಡಿಯ ಹಲಗೆಗೆ ಮೊಟ್ಟೆಯಾಕಾರದ ಸ್ಪೀಕರ್ ಜೋಡಿಸಿದಾಗ ಬೇಸ್ ಸಾಕಷ್ಟು ಸಿಕ್ಕಿತು. ಕಾರಣ ಕೆಳಗಿನ ಡಿಕ್ಕಿ: ಯಾರೂ ಲೆಕ್ಕ ಹಾಕದೆಯೇ ಅದು ದೊಡ್ಡದೊಂದು ಪೆಟ್ಟಿಗೆಯಾಗಿ ಕೆಲಸ ಮಾಡಿತು. ಆದರೆ ಆಗ ಸುಳ್ಯ, ಕಡಬದ ಒಳರಸ್ತೆಗಳ ವಾಹನ ಕಾರಲ್ಲ, ಜೀಪು. ಟಾರ್ಪಾಲು ಹೊದ್ದ ಜೀಪಿಗೆ ಡಿಕ್ಕಿಯೆಂಬುದೇ ಇಲ್ಲ. ಅದರಲ್ಲಿ ತಗ್ಗು ಸದ್ದು ಬೇಕೆಂದರೆ ಸೀಟಿನಡಿಗೋ ಹಿಂಬದಿಗೋ ಮರದ ಪೆಟ್ಟಿಗೆ ಮಾಡಿಸಲೇಬೇಕು. ಮನೆಯಲ್ಲೇ ಪೆಟ್ಟಿಗೆ ಕಟ್ಟುವ ಕಸುಬಿಗೆ ಈ ಸೀಮೆಯಲ್ಲಿ ಶೋಕಿಗಿಂತ ಮೊದಲು ಕೊರತೆಯೇ ಕಾರಣ ಎಂದು ನಾನು ಹೇಳುವುದು ಇದಕ್ಕೇ.

ಈಗ ಕೆಲವು ಕಾರುಗಳಲ್ಲಿ ಕಂಪನಿಯೇ ಸಬ್‌ವೂಫರ್ ಕೊಡುತ್ತದೆ. ಕಂಪನಿ ಕೊಟ್ಟದ್ದನ್ನು ಯಾಕೆ ಮುಟ್ಟಬೇಕು ಎಂದು ಕೇಳುವವರುಂಟು. ತಯಾರಕರ ಎಂಜಿನಿಯರುಗಳು ದಡ್ಡರೇನಲ್ಲ, ಆದರೆ ಅವರಿಗೆ ಸಿಗುವ ಜಾಗವೇ ಸ್ಟೆಪ್ನಿಯ ನಡುವಿನ ಕುಳಿ ಅಥವಾ ಡಿಕ್ಕಿಯ ಒಂದು ಮೂಲೆ. ತೂಕ, ಖರ್ಚು ಎರಡೂ ಉಳಿಯಬೇಕಾದ್ದರಿಂದ ಗೋಡೆ ತೆಳು ಪ್ಲಾಸ್ಟಿಕ್ಕಿನದು. ಮುಚ್ಚಿದ ಪೆಟ್ಟಿಗೆ ಚಿಕ್ಕದಾದಷ್ಟೂ ಗಾಳಿ ಬಿಗಿಯಾಗುತ್ತದೆ, ಸ್ಪೀಕರಿನ ಸಹಜ ಕಂಪನ ಮೇಲಕ್ಕೇರುತ್ತದೆ, ಆಳದ ಸದ್ದು ಕೈಬಿಡುತ್ತದೆ. ಹತ್ತು ಇಂಚಿನ ಸಾಧಾರಣ ಸ್ಪೀಕರಿಗೆ 15ರಿಂದ 25 ಲೀಟರ್, 18 ಮಿ.ಮೀ. ದಪ್ಪದ ಹಲಗೆ, ಒಳಗೆ ಅಡ್ಡಪಟ್ಟಿ, ಸಂದಿಗೆಲ್ಲ ಅಂಟು, ಒಂದಿಷ್ಟು ಪಾಲಿಯೆಸ್ಟರ್ ಹತ್ತಿ: ಇಷ್ಟರಲ್ಲೇ ಬದಲಾವಣೆ ಕಿವಿಗೆ ಗೊತ್ತಾಗುತ್ತದೆ. ಸಾಮಾನ್ಯವಾಗಿ ಎಲ್ಲರೂ ಬಳಸುವುದು ಎಂಡಿಎಫ್. ಎಲ್ಲ ಕಡೆ ಒಂದೇ ಸಾಂದ್ರತೆಯ, ಸುಲಭಕ್ಕೆ ಮಿಡಿಯದ ಹಲಗೆ ಅದು. ಹಾಲು ಬತ್ತಿದ ರಬ್ಬರ್ ಮರಗಳೂ ಕಡಿದ ಮೇಲೆ ಪ್ಲೈವುಡ್ಡಿಗೆ, ಎಂಡಿಎಫ್‌ಗೆ ಹೋಗುತ್ತವೆ. ಆ ಲೆಕ್ಕದಲ್ಲಿ ರಬ್ಬರ್ ಬೆಳೆಯುವ ಸುಳ್ಯ, ಕಡಬದ ಗುಡ್ಡಗಳಿಗೂ ಈ ಪೆಟ್ಟಿಗೆಗಳಿಗೂ ದೂರದ ನೆಂಟಸ್ತಿಕೆ ಇದೆ. ಆದರೆ ನೀರು ತಾಗಿದರೆ ಎಂಡಿಎಫ್‌ನ ಅಂಚು ಅಕ್ಕಿರೊಟ್ಟಿಯ ಹಾಗೆ ಉಬ್ಬುತ್ತದೆ. ಆಟಿಯ ಮಳೆ ಕಂಡವರಿಗೆ ಮರೈನ್ ಪ್ಲೈವುಡ್ಡೇ ವಾಸಿ. ಅಂತರ್ಜಾಲದ ವಿದೇಶಿ ಸಲಹೆಗಳಲ್ಲಿ ಈ ಮಳೆ ಇರುವುದಿಲ್ಲ.

ಗಟ್ಟಿಯಾದ ಆಕ್ಷೇಪ ಗದ್ದಲದ್ದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಆದರೆ ಅಳೆಯುವ ಮಾಪಕ ತಗ್ಗು ಸದ್ದಿನ ತೂಕವನ್ನು ಕಡಿಮೆಯಾಗಿ ಎಣಿಸುತ್ತದೆ. 40 ಹರ್ಟ್ಸ್‌ನ ಅಲೆ ಎಂಟು ಮೀಟರಿಗೂ ಉದ್ದ, ಮನೆಯ ಗೋಡೆ ಅದಕ್ಕೆ ಲೆಕ್ಕವೇ ಅಲ್ಲ. ಅಂದರೆ ಕಾನೂನಿನ ಕಣ್ಣಿಗೆ ಬೀಳದ ಕಾಟವೂ ಉಂಟು, ಅದನ್ನು ಒಪ್ಪಿಕೊಳ್ಳಬೇಕು. ಹಳೆಯ ಸದ್ದೆಲ್ಲ ಪವಿತ್ರವಾಗಿತ್ತು ಎಂದೂ ನಾನು ಹೇಳಲಾರೆ. ಕಂಬಳದಂಥ ಕಡೆ ಕೊರಗ ಸಮುದಾಯದವರಿಂದ ಡೋಲು ಬಡಿಸುತ್ತಿದ್ದ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಆ ತಗ್ಗು ನಾದ ಬಾರಿಸಿದವರಿಗೆ ಹಬ್ಬವಾಗಿರಲಿಲ್ಲ. ಆದರೂ ಗದ್ದಲದ ತಪ್ಪನ್ನು ಪೆಟ್ಟಿಗೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಕೆಟ್ಟ ಪೆಟ್ಟಿಗೆಯಲ್ಲಿ ಆಳ ಸಿಗದವರೇ ವಾಲ್ಯೂಮ್ ಏರಿಸುತ್ತಾ ಹೋಗುವುದು. ಹದವಾದ ಪೆಟ್ಟಿಗೆ, ಮುಚ್ಚಿದ ಕಿಟಕಿ ಇದ್ದರೆ ಕಾರಿನ ಪುಟ್ಟ ಕೋಣೆಯೇ ತಗ್ಗು ಸದ್ದನ್ನು ಎತ್ತಿಕೊಡುತ್ತದೆ, ಕಡಿಮೆ ವ್ಯಾಟ್ ಸಾಕಾಗುತ್ತದೆ.

ಕೈಹಾಕಲು ಹೊರಟವರಿಗೆ ಒಂದು ಮಾತು. ಸ್ಪೀಕರ್ ಬಿಚ್ಚಿದ ಮೇಲೆ ಕಂಪನಿಯ ಅಂಕುಡೊಂಕು ಪೆಟ್ಟಿಗೆಯನ್ನು ಎಸೆಯಬೇಡಿ. ಅದರೊಳಗೆ ಅಕ್ಕಿ ತುಂಬಿ, ಸುರಿದು, ಲೀಟರಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಹೊಸ ಪೆಟ್ಟಿಗೆಯ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು.