ಸ್ವಂತ ವಿದ್ಯುತ್ತಿನ ಲೆಕ್ಕ

ಉದ್ದಿಮೆಗಳು ಬಿಸಿಲಿನಿಂದ ತಮಗೆ ಬೇಕಾದ ವಿದ್ಯುತ್ತನ್ನು ತಾವೇ ಮಾಡಿಕೊಳ್ಳುವ ರೂಢಿ ಶುರುವಾದದ್ದು ತಂತಿ ತಲುಪದ ಜಾಗಗಳಲ್ಲಿ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ತೋರಿಸಿದ ಸಿಲಿಕಾನ್ ಕೋಶ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಬೆಲೆಯೋ ಉಪಗ್ರಹ ಹಾರಿಸುವವರಿಗಷ್ಟೇ ಎಟುಕುವಂಥದ್ದು. ಅದನ್ನು ನೆಲಕ್ಕಿಳಿಸಿದ ಮೊದಲ ಗಿರಾಕಿಗಳಲ್ಲಿ ತೈಲ ಕಂಪನಿಗಳೇ ಇದ್ದವು ಎಂಬುದು ಸ್ವಾರಸ್ಯದ ಸಂಗತಿ. ಎಕ್ಸಾನ್ ಕಂಪನಿಯ ಹಣದಿಂದ ಎಲಿಯಟ್ ಬರ್ಮನ್ 1973ರಲ್ಲಿ ಕಟ್ಟಿದ ಸಂಸ್ಥೆಯ ಪ್ಯಾನೆಲ್‌ಗಳು ಮೆಕ್ಸಿಕೊ ಕೊಲ್ಲಿಯ ತೈಲ ಅಟ್ಟಣೆಗಳ ಎಚ್ಚರಿಕೆ ದೀಪಗಳಿಗೆ ಕರೆಂಟು ಕೊಟ್ಟವು. ಭಾರದ ಬ್ಯಾಟರಿಗಳನ್ನು ಸಮುದ್ರದ ನಡುವೆ ಮತ್ತೆ ಮತ್ತೆ ಹೊತ್ತೊಯ್ಯುವುದಕ್ಕಿಂತ ದುಬಾರಿ ಪ್ಯಾನೆಲ್ಲೇ ಅಲ್ಲಿ ಅಗ್ಗ.

ಕರ್ನಾಟಕದಲ್ಲೂ ಮೊದಲು ಬಂದವರು ಸಣ್ಣವರು. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಆರಂಭಿಸಿದ ಸೆಲ್ಕೊ ಸಂಸ್ಥೆ ಮನೆ, ಅಂಗಡಿಗಳಿಗೆ ದೀಪ ಹಾಕಿಕೊಟ್ಟಿತು. ತಳ್ಳುಗಾಡಿ ವ್ಯಾಪಾರಿಗಳಿಗಾಗಿ ಇನ್ನೊಂದು ದಾರಿ ಹೊಳೆಯಿತು: ಒಬ್ಬರ ಸೂರಿನ ಮೇಲೆ ಹಗಲೆಲ್ಲ ಬ್ಯಾಟರಿ ಚಾರ್ಜ್ ಮಾಡಿ, ಸಂಜೆ ಗಾಡಿಗಳಿಗೆ ದೀಪವನ್ನು ದಿನಬಾಡಿಗೆಗೆ ಕೊಡುವುದು. ಸೀಮೆಎಣ್ಣೆಗೆ ದಿನವೂ ಚಿಲ್ಲರೆ ಎಣಿಸುತ್ತಿದ್ದವರಿಗೆ ತಿಂಗಳ ಕಂತಿಗಿಂತ ಅದೇ ಸಲೀಸು.

ದೊಡ್ಡ ಕಾರ್ಖಾನೆಗಳ ಕಷ್ಟ ಬೇರೆಯದು. ತಂತಿಯೇನೋ ಇತ್ತು, ಬಿಲ್ಲು ಭಾರವಾಗಿತ್ತು. ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ; ಅಂಥ ರಿಯಾಯಿತಿಗಳ ಹೊರೆಯಲ್ಲಿ ಒಂದು ಪಾಲು ಸರ್ಕಾರದ ಮೇಲೆ, ಇನ್ನೊಂದು ಪಾಲು ಕ್ರಾಸ್ ಸಬ್ಸಿಡಿಯ ರೂಪದಲ್ಲಿ ಕೈಗಾರಿಕೆ, ವಾಣಿಜ್ಯ ಗ್ರಾಹಕರ ಮೇಲೆ. ಕರೆಂಟು ಹೋದಾಗ ಡೀಸೆಲ್ ಜನರೇಟರ್ ಖರ್ಚು ಬೇರೆ. 2003ರ ವಿದ್ಯುತ್ ಕಾಯ್ದೆ ಬಾಗಿಲು ತೆರೆಯಿತು: ಸ್ವಂತ ಬಳಕೆಗೆ ಉತ್ಪಾದಿಸುವವರು ಕ್ರಾಸ್ ಸಬ್ಸಿಡಿ ಸರ್ಚಾರ್ಜ್ ಕಟ್ಟಬೇಕಿಲ್ಲ. ‘ಸ್ವಂತ’ ಎಂದರೇನು? 2005ರ ನಿಯಮಗಳು ಉತ್ತರ ಕೊಟ್ಟವು. ಘಟಕದಲ್ಲಿ ಕನಿಷ್ಠ ಶೇ 26 ಪಾಲು ಬಳಕೆದಾರರದ್ದಾಗಿರಬೇಕು, ವರ್ಷದ ಉತ್ಪಾದನೆಯಲ್ಲಿ ಕನಿಷ್ಠ ಶೇ 51 ಅವರೇ ಬಳಸಬೇಕು. ಹಲವು ಕಂಪನಿಗಳು ಸೇರಿ ಪಾಲು ಹಾಕುವುದೇ ‘ಗ್ರೂಪ್ ಕ್ಯಾಪ್ಟಿವ್’. ಎಂದೂ ಕಾಣದ ಊರಿನ ಪ್ಯಾನೆಲ್‌ಗಳೂ ಹೀಗೆ ಸ್ವಂತದ್ದಾದವು.

ಕಣ್ಣಿಗೆ ಕಾಣುವ ಉದಾಹರಣೆ ಕೊಚ್ಚಿ ವಿಮಾನ ನಿಲ್ದಾಣ. 2013ರಲ್ಲಿ ಟರ್ಮಿನಲ್ ಚಾವಣಿಯ 100 ಕಿಲೋವಾಟ್‌ನಿಂದ ಶುರುವಾಗಿ, 2015ರ ಆಗಸ್ಟ್ 18ರಂದು 12 ಮೆಗಾವಾಟ್ ಘಟಕ ಉದ್ಘಾಟನೆಯಾಯಿತು: 45 ಎಕರೆ, 46,150 ಪ್ಯಾನೆಲ್. ಧೂಳು ತೊಳೆದ ನೀರು ಕೆಳಗೆ ಹರಿದು, ಸಾಲುಗಳ ನಡುವೆ ಬೆಳೆಸಿದ ತರಕಾರಿಗೆ ಸಿಗುತ್ತದೆ. ರಾತ್ರಿ ಇಳಿಯುವ ವಿಮಾನಗಳಿಗೆ ದೀಪ ಉರಿಯುವುದು ಮಾತ್ರ ಜಾಲದ ಕರೆಂಟಿನಿಂದ. ಹಗಲು ವಿದ್ಯುತ್ ಮಂಡಳಿಯ ಜಾಲಕ್ಕೆ ಸುರಿದದ್ದನ್ನು ಕತ್ತಲಲ್ಲಿ ವಾಪಸು ಪಡೆಯುವ ಈ ಲೇವಾದೇವಿಗೆ ಬ್ಯಾಂಕಿಂಗ್ ಎಂದೇ ಹೆಸರು.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2014ರಲ್ಲಿ ಇದನ್ನೇ ಉದಾರಗೊಳಿಸಿತು. 2018ರ ಮಾರ್ಚ್ 31ರೊಳಗೆ ಚಾಲೂ ಆಗುವ ಸೌರ ಘಟಕಗಳಿಗೆ ಹತ್ತು ವರ್ಷ ವ್ಹೀಲಿಂಗ್ (ಜಾಲದ ತಂತಿಯಲ್ಲಿ ವಿದ್ಯುತ್ ಸಾಗಿಸುವ), ಬ್ಯಾಂಕಿಂಗ್ ಶುಲ್ಕ ಮಾಫಿ. ಗಡುವು ಸಮೀಪಿಸಿದಂತೆ ಬಯಲುಸೀಮೆಯ ಹೊಲಗಳಲ್ಲಿ ಪ್ಯಾನೆಲ್ ನಿಲ್ಲಿಸುವ ಧಾವಂತ ಹೆಚ್ಚಿತು. 2018ರ ಹೊತ್ತಿಗೆ ಸೌರ ಸಾಮರ್ಥ್ಯದಲ್ಲಿ ರಾಜ್ಯ ದೇಶಕ್ಕೇ ಮೊದಲಾಗಿತ್ತು. ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳಿಗೆ ಇದು ನುಂಗಲಾರದ ತುತ್ತು. ಹೆಚ್ಚು ದರ ಕೊಡುತ್ತಿದ್ದ ಗ್ರಾಹಕರು ಕೈಬಿಟ್ಟರು, ಅವರ ಕರೆಂಟು ಹರಿಯುವ ತಂತಿಯ ಪಾಲನೆ ಮಾತ್ರ ಕೈಯಲ್ಲಿ ಉಳಿಯಿತು.

2022ರ ಕೇಂದ್ರ ನಿಯಮಗಳು ತಮಗೆ ಬೇಕಾದ ಉತ್ಪಾದಕರಿಂದ ಜಾಲದ ಮೂಲಕ ಹಸಿರು ವಿದ್ಯುತ್ ಪಡೆಯುವ ‘ಮುಕ್ತ ಸಂಪರ್ಕ’ದ ಮಿತಿಯನ್ನು 1 ಮೆಗಾವಾಟ್‌ನಿಂದ 100 ಕಿಲೋವಾಟ್‌ಗೆ ಇಳಿಸಿ ಮಧ್ಯಮ ಗಾತ್ರದ ಉದ್ದಿಮೆಗಳಿಗೂ ಜಾಗ ಮಾಡಿದವು. ಬ್ಯಾಂಕಿಂಗ್ ಅವಧಿ ಕನಿಷ್ಠ ಒಂದು ತಿಂಗಳು; ಒಂದು ಅವಧಿಯ ಉಳಿಕೆ ಮುಂದಿನದಕ್ಕೆ ಸೇರುವುದಿಲ್ಲ. ತಿಂಗಳ ಲೆಕ್ಕವಿರುವಲ್ಲಿ ಏಪ್ರಿಲ್ ಬಿಸಿಲಿನಲ್ಲಿ ಮಿಕ್ಕ ಯೂನಿಟ್ಟು ಜುಲೈ ಮೋಡದ ದಿನಕ್ಕೆ ಒದಗುವುದಿಲ್ಲ.